ಅಪ್ಪಯ್ಯ ತೆಗೆದ ವಿಡಿಯೊ

ಅಪ್ಪಯ್ಯ ತೆಗೆದ ವಿಡಿಯೊದಲ್ಲಿ ಶರಣ್ಯಾ ಎಲ್ಲೂ ಇರಲಿಲ್ಲ. ಕುಂದಾಪುರದ ಬ್ಯಾಡ್ಮಿಂಟನ್ ಕೋರ್ಟಿನ ಬದಿಯ ಬೆಂಚಿನಲ್ಲಿ ಕುಳಿತು ಅವಳು ಅದನ್ನು ಮುಂದೆ ಓಡಿಸಿದಳು. ಅವಳ ಆಟ ಮುಗಿಯುವವರೆಗೂ ಕ್ಯಾಮೆರಾ ಎದುರಾಳಿಯನ್ನೇ ಹಿಂಬಾಲಿಸಿತ್ತು. ಎರಡು ಜಡೆಯ ಶಾಲಾ ಹುಡುಗಿ.

ಚಿಕ್ಕಂದಿನಿಂದ ಶರಣ್ಯಾಳ ಆಟವನ್ನು ಹೀಗೆ ಸೆರೆಹಿಡಿದು, ವಿಡಿಯೊ ನಿಲ್ಲಿಸಿ ನಿಲ್ಲಿಸಿ ತಪ್ಪು ತಿದ್ದಿದವರು ಅಪ್ಪಯ್ಯ. ಅವರ ಈಚಿನ ಮರೆವಿಗೆ ಮನೆಯವರೆಲ್ಲ ನಗುತ್ತಿದ್ದರು. ಶರಣ್ಯಾ ತನ್ನ ಎರಡು ಜಡೆ ಕತ್ತರಿಸಿ ವರ್ಷಗಳಾಗಿದ್ದವು. ಫೋನಿನೊಳಗಿಂದ ಅವರ ದನಿ ಆ ಹುಡುಗಿಯನ್ನು ಕೂಗುತ್ತಿತ್ತು, "ಹಾಂಗೇ ಶರಣ್ಯಾ, ಲಾಯ್ಕ್ ಆಯ್ತ್ ಮಗಾ!"

ಪಕ್ಕದಲ್ಲಿದ್ದ ಅಪ್ಪಯ್ಯ ಪರದೆಯತ್ತ ಬಾಗಿ, ಪರಿಚಯವಿಲ್ಲದವರನ್ನು ಕೇಳುವ ಸಂಕೋಚದಲ್ಲಿ ಅವಳನ್ನು ಕೇಳಿದರು, "ನಮ್ ಹೆಣ್ಣ್ ಹ್ಯಾಂಗ್ ಆಡ್ತ್? ತಪ್ಪಿದ್ರೆ ಹೇಳಿ."

ಶರಣ್ಯಾ ವಿಡಿಯೊ ನಿಲ್ಲಿಸಿದಳು. ಎರಡೂ ಜಡೆ ಗಾಳಿಯಲ್ಲೇ ನಿಂತವು.

"ಎಂತ ತಪ್ಪೂ ಇಲ್ಲೆ," ಎಂದಳು. "ನಿಮ್ ಹೆಣ್ಣ್ ಲಾಯ್ಕ್ ಆಡ್ತ್."