ಟ್ಯಾಂಕಿನ ಮುಚ್ಚಳ

ಕೈ ಒರೆಸಲು ಮೆಕ್ಯಾನಿಕ್ ಬಟ್ಟೆ ಎಳೆದಾಗ, ಅದರೊಳಗಿಂದ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಠಣ್ಣೆಂದು ನೆಲಕ್ಕೆ ಬಿತ್ತು. ಲಾರಿ ಬಾಡಿಗೆ ದುಬಾರಿಯೆಂದು, ಬಾಮೈದನ ಗ್ಯಾರೇಜಿಗೆ ಹೋಗಬೇಕಿದ್ದ ಹಳೇ ಕಾರೊಂದರ ಟ್ಯಾಂಕನ್ನು, ಈ ಮುಚ್ಚಳ ಹಾಕಲು ಮರೆತು, ಹೆಂಡತಿ ಮಗು ಹತ್ತಿದ ಬಸ್ಸಿನ ಡಿಕ್ಕಿಗೇ ಬೆಳಿಗ್ಗೆ ತುರುಕಿದ್ದ. ಪೆಟ್ರೋಲ್ ಬಸಿದಿದ್ದನೇನೋ ನಿಜ; ನೀರು ತುಂಬಿಸಿ ತೊಳೆಯುವುದನ್ನು ಆತುರದಲ್ಲಿ ಬಿಟ್ಟಿದ್ದ. ಬಸಿದ ಟ್ಯಾಂಕಿನ ಆವಿಗೆ ಒಂದು ಕಿಡಿ ಸಾಕೆಂದು ಊರಿಗೆಲ್ಲ ಬುದ್ಧಿ ಹೇಳುವವನು ಅವನೇ.

ಹೆಂಡತಿಗೆ ಫೋನ್ ಮಾಡಿದ. “ಮೊದಲು ಬಸ್ಸಿಂದ ಇಳಿ!”

“ಇಳಿದೇ ಇದೀನಿ ಕಣ್ರೀ, ಟೀಗೆ ನಿಲ್ಸಿದಾರೆ. ಒಳಗೆಲ್ಲ ಪೆಟ್ರೋಲ್ ವಾಸನೆ. ಏನಂತ ನೋಡೋಕೆ ಡ್ರೈವರ್ ಡಿಕ್ಕಿ ತೆಗೀತಿದಾನೆ, ಬಾಯಲ್ಲಿ ಸಿಗರೇಟ್ ಬೇರೆ.”

“ಮಗು?”

“ನಿದ್ದೆ ಹೋಗಿತ್ತು. ಸೀಟಲ್ಲೇ ಬಿಟ್ಟೆ.”