ರಗ್ಗಿನ ಎರಡು ತುದಿ

"ಇಬ್ಬರೂ ಒಂದೊಂದು ತುದಿ ಹಿಡ್ಕೊಳ್ಳಿ. ಹಿಂಡಿ ಕೊಟ್ಟರೆ ಸಾಕು, ಒಣಗಿಸೋದು ನಾನು ನೋಡ್ಕೋತೀನಿ," ಎನ್ನುತ್ತ ಅವಳು ನೀರು ಹೀರಿ ಗುಂಡುಕಲ್ಲಿನಂತೆ ಭಾರವಾಗಿದ್ದ ರಗ್ಗನ್ನು ತಾರಸಿಯ ಮೇಲಿನ ಟಬ್ಬಿನಿಂದೆತ್ತಿ ಒಂದು ತುದಿಯನ್ನು ಗಂಡನ ಕೈಗೆ, ಇನ್ನೊಂದನ್ನು ತನ್ನ ಅಣ್ಣನ ಕೈಗೆ ತುರುಕಿದಳು. ಮನೆಯಲ್ಲಿದ್ದ ದಪ್ಪ ರಗ್ಗು ಅದೊಂದೇ. ಜ್ವರದ ಮಗಳು ಬೆಳಗಿನ ಜಾವ ಅದರ ಮೇಲೇ ವಾಂತಿ ಮಾಡಿಕೊಂಡು, ಈಗ ಕೆಳಗೆ ತೆಳು ಹೊದಿಕೆಯಲ್ಲಿ ನಡುಗುತ್ತ ಮಲಗಿದ್ದಳು. ರಾತ್ರಿಯೆಲ್ಲ ನಿದ್ದೆಗೆಟ್ಟ ತಾಯಿಯ ಕೈಯಲ್ಲಿ ಕಸುವಿರಲಿಲ್ಲ. ಮಧ್ಯಾಹ್ನ ಇಳಿದು, ತಾರಸಿಯ ಬಿಸಿಲು ಆಗಲೇ ಗೋಡೆ ಹತ್ತುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅದೂ ಇಲ್ಲ.

ಊಟದ ತಟ್ಟೆಯ ಮುಂದೆ ಶುರುವಾದ ವಾದ ಮೆಟ್ಟಿಲು ಹತ್ತಿ ತಾರಸಿಗೂ ಬಂದಿತ್ತು. ಗಂಡನದು ಮರಗೆಲಸದ ಅಂಗಡಿ. ಅದರ ಬೋರ್ಡು ರಸ್ತೆಗೆ ಒಂದು ಗೇಣು ಮುಂದೆ ಬಂದಿದೆಯೆಂದು ನಗರಸಭೆ ಕಚೇರಿಯವರು ಕಿತ್ತುಕೊಂಡು ಹೋದಂದಿನಿಂದ ಅವನಿಗೆ ಸರ್ಕಾರವೆಂದರೆ ಮೈಯೆಲ್ಲ ಉರಿ. ಕಳ್ಳರನ್ನು ಹಿಡಿಯಲಿ, ಗಡಿ ಕಾಯಲಿ, ಮಿಕ್ಕಿದ್ದಕ್ಕೆ ಮೂಗು ತೂರಿಸದಿರಲಿ. ರಸ್ತೆ, ಶಾಲೆ, ಆಸ್ಪತ್ರೆ ಎಲ್ಲವನ್ನೂ ಜನರೇ ತಮ್ಮತಮ್ಮಲ್ಲಿ ಒಪ್ಪಿಕೊಂಡು ನಡೆಸುತ್ತಾರೆ ಎನ್ನುವವನು ಅವನು. ಅಣ್ಣ ರಸ್ತೆ ಇಲಾಖೆಯ ಎಂಜಿನಿಯರು. ಹೇಳುವವರೊಬ್ಬರು ಇಲ್ಲದಿದ್ದರೆ ನಾಲ್ಕು ಜನ ಸೇರಿ ಒಂದು ಚರಂಡಿಯನ್ನೂ ತೋಡಲಾರರು ಎನ್ನುವವನು.

"ಭಾವ, ಬಲಕ್ಕೆ ತಿರುಗಿಸಿ," ಎಂದ ಅಣ್ಣ. "ಇಬ್ಬರೂ ಅವರವರ ಬಲಕ್ಕೆ. ನೋಡಿ, ರಗ್ಗು ಹಿಂಡೋಕೂ ಒಂದು ನಿಯಮ ಬೇಕು."

"ನನ್ನ ಕೈಲಿರೋ ತುದಿ ನಂದು. ಅದನ್ನ ಯಾವ ಕಡೆ ತಿರುಗಿಸಬೇಕು ಅಂತ ಇಲಾಖೆಯವರು ಹೇಳೋದು ಬೇಡ," ಎಂದು ಗಂಡ ಎಡಕ್ಕೆ ತಿರುಗಿಸಿದ.

ಎದುರುಬದುರು ನಿಂತವರಲ್ಲಿ ಒಬ್ಬ ಬಲಕ್ಕೆ, ಒಬ್ಬ ಎಡಕ್ಕೆ ತಿರುಗಿಸಿದರೆ ಇನ್ನೇನಾದೀತು? ರಗ್ಗು ಹುರಿಗೊಳ್ಳದೆ ನಡುವೆ ಸುಮ್ಮನೆ ಉರುಳತೊಡಗಿತು. ಹನಿಯೂ ಉದುರಲಿಲ್ಲ. ಕೊನೆಗೆ ಗಂಡನಿಗೇ ಅನುಮಾನ ಬಂದು ಬಲಕ್ಕೆ ಬದಲಿಸಿದ. ಅಷ್ಟರಲ್ಲಿ ಅಣ್ಣ, ಹೋಗಲಿ ಪಾಪ ಎಂದು, ಎಡಕ್ಕೆ ಬದಲಿಸಿದ್ದ. ರಗ್ಗು ಈಗ ಹಿಂದಕ್ಕೆ ಉರುಳಿತು. ನಾನು ಹೇಳಿದಾಗಲೇ ಕೇಳಬೇಕಿತ್ತು ಎಂದು ಒಬ್ಬ, ನೀವು ಹೇಳದಿದ್ದರೆ ನಾನಾಗಿಯೇ ಮೊದಲು ಬಲಕ್ಕೆ ತಿರುಗಿಸುತ್ತಿದ್ದೆ ಎಂದು ಇನ್ನೊಬ್ಬ.

ಕೆಳಗಿನಿಂದ ಮಗಳ ದನಿ ಬಂತು. "ಅಮ್ಮಾ, ಚಳಿ."

"ಇಬ್ಬರಲ್ಲಿ ಒಬ್ಬರು ಅಲ್ಲಾಡದೆ ಹಿಡ್ಕೊಂಡು ನಿಂತರೂ ಸಾಕು ಕಣ್ರೀ," ಎಂದಳು ಅವಳು. ಆ ಒಬ್ಬರು ಯಾರಾಗಬೇಕು, ಅದನ್ನು ಯಾರು ತೀರ್ಮಾನಿಸಬೇಕು ಎಂದು ಹೊಸ ವಾದ ಹುಟ್ಟಿಕೊಂಡಿತು.

ಅವಳು ಇಬ್ಬರ ಕೈಯಿಂದಲೂ ರಗ್ಗು ಕಿತ್ತುಕೊಂಡಳು. ಬಟ್ಟೆ ಒಣಗಿಸುವ ತಂತಿಯ ಕಬ್ಬಿಣದ ಕಂಬಕ್ಕೆ ಅದನ್ನು ಬಳಸಿ, ಎರಡು ತುದಿಗಳನ್ನೂ ಒಟ್ಟಿಗೆ ಹಿಡಿದು, ಹಲ್ಲು ಕಚ್ಚಿ ತಿರುಗಿಸಿದಳು. ಕಂಬ ಏನೂ ಅನ್ನಲಿಲ್ಲ. ನೀರು ಧಾರೆಯಾಗಿ ಸುರಿದು, ಇನ್ನೂ ವಾದಿಸುತ್ತ ನಿಂತಿದ್ದ ಇಬ್ಬರ ಕಾಲಡಿಗೂ ಹರಿಯಿತು.