ದಿನವಿಶೇಷದ ಮೂರನೇ ಸಾಲು

ವಿಮೋಚನಾ ದಿನದ ಮಧ್ಯಾಹ್ನ, ಔರಾದ ತಾಲೂಕಿನ ನಮ್ಮೂರ ಸಾಲೆಯ ಐದನೇ ತರಗತಿಯಲ್ಲಿ, ನಾನು ಕರಿಹಲಗೆಯ ಎಡಕ್ಕೆ ನಿಂತಿದ್ದೆ. ಒದ್ದೆ ಬಟ್ಟೆಗೆ ಹತ್ತಿದ ಚಾಕ್‌ಪೀಸಿನ ವಾಸನೆ ಬಂದರೆ ಇವತ್ತಿಗೂ ನನ್ನ ಬಲಗೈ ತಣ್ಣಗಾಗುತ್ತದೆ.

ಆ ವಾರ ಹಲಗೆಯ ಮೇಲೆ ದಿನವಿಶೇಷ ಬರೆಯುವ ಪಾಳಿ ನನ್ನದು. ಸರ್ ಹೇಳಿದಂತೆ ಎರಡು ಸಾಲು ಬರೆದಿದ್ದೆ: ನಿಜಾಮನಿಂದ ನಮ್ಮ ಭಾಗಕ್ಕೆ ಬಿಡುಗಡೆ, ಒಬ್ಬ ಸಿನಿಮಾ ನಟನ ಹುಟ್ಟುಹಬ್ಬ. ಗೆಳತಿ ತನ್ನದೂ ಇರಲಿ ಎಂದು ಕೇಳಿಕೊಂಡದ್ದಕ್ಕೆ ಕೆಳಗೆ ಇನ್ನೊಂದು ಸೇರಿಸಿದ್ದೆ: ರುಖಸಾನಾಳ ಹುಟ್ಟುಹಬ್ಬ.

"ಯಾರು ಬರದಾರ ಇದನ್ನ?" ಮೂರನೇ ಸಾಲಿಗೆ ಬೆರಳಿಟ್ಟು ಸರ್ ಕೇಳಿದರು. ನಾನು ಚಾಕ್‌ಪೀಸನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

"ನಾನ ಬರ್ದೇನ್ರಿ," ಎಂದಳು ರುಖಸಾನಾ. "ನಾ ಹುಟ್ಟಿದ್ದೂ ಇವತ್ತೇ ಅದರಿ."

"ಈ ದಿನ ನಿಮ್ಮ ಮಂದೀದಲ್ಲ. ಹೋಗಿ ನಿಮ್ಮಜ್ಜಗ ಕೇಳು, ಹೇಳ್ತಾನ."

ಹುಡುಗರು ನಕ್ಕರು.

"ನಮ್ಮ ದಾದಾ ಇಲ್ರಿ ಸರ್. ಬಿಡುಗಡಿ ಆದ ವರ್ಷದ ಗದ್ದಲದಾಗ ಹೊಲಕ್ಕ ಹೋದವ್ರು ಹೊಳ್ಳಿ ಬಂದಿಲ್ರಿ."

ನಗು ನಿಂತಿತು. ಸರ್ ಒದ್ದೆ ಬಟ್ಟೆಯನ್ನು ನನ್ನ ಕೈಗಿಟ್ಟು, "ಒರಸು," ಎಂದರು. ಮೇಲಿನ ಎರಡು ಸಾಲಿಗೆ ನೀರು ತಾಗದಂತೆ ನಾನು ಜೋಪಾನವಾಗಿ ಒರೆಸಿದೆ.

ಸರ್ ಈಗ ಇಲ್ಲ. ಆ ಅಕ್ಷರ ಯಾರದೆಂದು ಗೊತ್ತಿದ್ದ ಮೂವರಲ್ಲಿ ನಾನಿದ್ದೇನೆ, ಭಾಲ್ಕಿಯಲ್ಲಿ ರುಖಸಾನಾ ಇದ್ದಾಳೆ.